ಸೋತು ಗೆಲ್ಲುವ ಯಕ್ಷಿಣಿಗಾರ

ಲೋಕದಲ್ಲಿ ಕಸಬಿನವರೆಲ್ಲರೂ ತಮ್ಮ ಕೆಲಸವು ಕೆಡದಿರಲೆಂದು ಎಚ್ಚರಪಡುವರು. ಬಡಗಿಯು ಹಲಗೆ ಸೀಳದಂತೆ ನೋಡಿಕೊಳ್ಳುವನು. ಅಡಿಗೆಯವನು ಪಾಕವು ಏರದಂತೆ ಒಲೆಯ ಮುಂದೆ ಕಣ್ಣಿಟ್ಟು ನಿಲ್ಲುವನು. ಸಂಗೀತಗಾರನು ಶ್ರುತಿ ತಪ್ಪದಂತೆ ಕಿವಿಗೊಡುವನು. ಆದರೆ ಕೆಲಸ ಕೆಡುವುದನ್ನೇ ಬಂಡವಾಳ ಮಾಡಿಕೊಂಡು ಹೊಟ್ಟೆ ಹೊರೆಯುವವನೊಬ್ಬನುಂಟು. ಅವನೇ ನಗೆಯ ಯಕ್ಷಿಣಿಗಾರನು. ಈಚಿನವರ ಮಾತಿನಲ್ಲಿ ಹಾಸ್ಯದ ಜಾದೂಗಾರನು. ಟೋಪಿಯೊಳಗಿಂದ ಮೊಲವನ್ನು ತೆಗೆಯುವೆನೆಂದು ಹೇಳಿ ಹರಿದ ಕಾಲುಚೀಲವನ್ನು ತೆಗೆಯುವನು. ಸಭಿಕರು ಆರಿಸಿದ ಇಸ್ಪೀಟಿನ ಎಲೆಯನ್ನು ಬಿಟ್ಟು ಬೇರೊಂದನ್ನು ಎತ್ತಿ ಹಿಡಿದು ಪೆಚ್ಚುನಗೆ ನಗುವನು. ಸಭೆಯೆಲ್ಲವೂ ಬಿದ್ದು ಬಿದ್ದು ನಗುವುದು. “ಪಾಪ, ಇವನಿಗೆ ಏನೂ ಬಾರದು” ಎಂದು ಎಲ್ಲರೂ ನಿಶ್ಚಯಿಸಿಕೊಂಡ ಕ್ಷಣದಲ್ಲಿಯೇ, ತಪ್ಪಿಹೋಗಿದ್ದ ಆ ಎಲೆಯು ಮುಂದಿನ ಸಾಲಿನಲ್ಲಿ ಕುಳಿತ ಯಜಮಾನರ ಜೇಬಿನಲ್ಲಿ ದೊರೆಯುವುದು!

ಇಂತಹವನ ಬಾಳು ಎಂತಹುದು? ಪರದೆಯ ಮುಂದಿನ ನಗೆಗೆ ಪರದೆಯ ಹಿಂದೆ ಎಷ್ಟು ಬೆಲೆ ತೆರಬೇಕು? ಈ ಸಲ ನಮ್ಮ ಓದುಗರ ಮುಂದೆ ಈ ವಿಷಯವನ್ನಿಡಬೇಕೆಂದು ನಮಗೆ ತೋರಿತು. ಏಕೆಂದರೆ ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ, ಗಣೇಶನ ಚಪ್ಪರ ಎಂದು ನಾವು ಗೃಹಸ್ಥರೇ ಅವನನ್ನು ಕರೆಯಿಸುವವರು. ಒಂದು ಗಂಟೆ ನಕ್ಕು, ಮರುದಿನ ಅವನ ಹೆಸರನ್ನೂ ಮರೆಯುವವರು.

ಯಕ್ಷಿಣಿಯ ವಿದ್ಯೆಯನ್ನು ಹಿಡಿದವರಲ್ಲಿ ಮೂರು ತರಗತಿಗಳುಂಟು. ಅದರಿಂದಲೇ ಸಂಸಾರ ನಡೆಸುವವರು ಮೊದಲನೆಯವರು; ಇವರ ಸಂಖ್ಯೆ ಎಲ್ಲ ದೇಶಗಳಲ್ಲಿಯೂ ಅಲ್ಪ. ಬರಿಯ ಚಪಲಕ್ಕಾಗಿ ಕಲಿತು ನೆಂಟರಿಷ್ಟರನ್ನು ಬೆರಗುಗೊಳಿಸುವವರು ಎರಡನೆಯವರು. ೧೯೦೫ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ‘ಮ್ಯಾಜಿಕ್ ಸರ್ಕಲ್’ ಎಂಬ ಪ್ರಸಿದ್ಧ ಸಂಘದಲ್ಲಿ ಇಂತಹವರಿಗೂ ಸ್ಥಾನವುಂಟು. ಈಗ ಇಂಗ್ಲೆಂಡಿನ ದೊರೆಯಾಗಿರುವ ಚಾರ್ಲ್ಸ್ ಮಹಾರಾಜರು ಯುವರಾಜರಾಗಿದ್ದಾಗ, ೧೯೭೫ರಲ್ಲಿ, ಬಟ್ಟಲು ಮತ್ತು ಚೆಂಡುಗಳ ಆಟವನ್ನಾಡಿ ತೋರಿಸಿ ಅದರ ಸದಸ್ಯರಾದರು. ನಮ್ಮ ಬೀದಿಗಳಲ್ಲಿ ಗಾರುಡಿಗರು ನೆಲದ ಮೇಲೆ ಕುಳಿತು ಆಡಿಸುತ್ತ ಬಂದಿರುವ ಆಟವೂ ಅದೇ ಜಾತಿಯದು.

ಈ ಇಬ್ಬರ ನಡುವೆ ಇರುವವನೇ ಅರೆವೃತ್ತಿಯ ಯಕ್ಷಿಣಿಗಾರನು. ಅವನು ಹಗಲಿನಲ್ಲಿ ಗುಮಾಸ್ತನೋ ಉಪಾಧ್ಯಾಯನೋ ಅಂಗಡಿಯವನೋ ಆಗಿರುವನು. ಸಂಜೆಯಲ್ಲಿ, ರಜದ ದಿನಗಳಲ್ಲಿ, ಹಣ ಪಡೆದು ಆಟವಾಡುವನು. ಹಣ ಪಡೆಯುವುದರಿಂದ ಅವನಿಗೆ ಚಪಲಗಾರನ ಸಲಿಗೆಯಿಲ್ಲ. ಆಟವು ಕೆಟ್ಟರೆ “ಸುಮ್ಮನೆ ಆಡಿದೆ” ಎಂದು ಜಾರಿಕೊಳ್ಳುವಂತಿಲ್ಲ. ಸಂಸಾರವು ಬೇರೆ ಸಂಬಳದ ಮೇಲೆ ನಿಂತಿರುವುದರಿಂದ ಪೂರ್ಣವೃತ್ತಿಯವನಂತೆ ದಿನವೆಲ್ಲ ಸಾಧನೆ ಮಾಡಲು ಹೊತ್ತೂ ಇಲ್ಲ. ಎರಡು ನೊಗಕ್ಕೆ ಕೊರಳು ಕೊಟ್ಟ ಎತ್ತು ಅವನು.

ಅವನ ಒಂದು ಸಂಜೆಯನ್ನು ನೋಡೋಣ. ಕಛೇರಿಯಿಂದ ಬಂದವನು ಕಾಫಿ ಕುಡಿದು ಕೂಡಲೇ ಪೆಟ್ಟಿಗೆಯನ್ನು ತೆರೆಯಬೇಕು. ರೇಷ್ಮೆಯ ಕರವಸ್ತ್ರಗಳು ಮಡಿಕೆಯ ಲೆಕ್ಕ ತಪ್ಪದೆ ಇರಬೇಕು. ಹಗ್ಗಗಳು ಅಳತೆಗೆ ಸರಿಯಾಗಿರಬೇಕು. ಎಲೆಗಳ ಕಟ್ಟು ಮೊದಲೇ ಗೊತ್ತಾದ ಕ್ರಮದಲ್ಲಿರಬೇಕು. ಸಭಿಕರು ಒಂದು ನಿಮಿಷ ನೋಡುವ ಆಟಕ್ಕೆ ಗಳಿಗೆಗಟ್ಟಲೆ ಸಿದ್ಧತೆ. ಆಟ ಮುಗಿದು ಮನೆಗೆ ಬಂದ ಮೇಲೆ ಅವನ್ನೆಲ್ಲ ಮತ್ತೆ ಒಗೆದು, ಒಣಗಿಸಿ, ಮಡಿಸಿಡಬೇಕು. ಅನೇಕ ಮನೆಗಳಲ್ಲಿ ಈ ಕೆಲಸದ ಪಾಲು ಮಡದಿಯದು. ಗುಪ್ತವಾದ ಜೇಬನ್ನು ಹೊಲಿಯುವವಳು ಆಕೆ. ನೂರನೆಯ ಸಲವೂ ಅದೇ ಆಟವನ್ನು ನೋಡಿ “ಎಡಗೈ ಕಾಣಿಸುತ್ತಿದೆ” ಎಂದು ತಿದ್ದುವವಳು ಆಕೆ. ದೊರೆತ ಸಂಭಾವನೆಯಲ್ಲಿ ದಾರಿಯ ವೆಚ್ಚ, ಸಲಕರಣೆಯ ವೆಚ್ಚ ಕಳೆದು ಉಳಿದುದು ಮನೆಗೆ. ಊರಿನವರಿಗೆ ಹಬ್ಬವಾದ ದಿನವೇ ಇವನಿಗೆ ದುಡಿಮೆಯ ದಿನ. ತನ್ನ ಮಗುವಿನ ಹುಟ್ಟುಹಬ್ಬದಂದು ಮತ್ತೊಬ್ಬರ ಮಗುವನ್ನು ನಗಿಸಲು ಹೋಗಬೇಕಾಗಿ ಬಂದರೂ ಬರಬಹುದು.

ಇಷ್ಟು ಕಷ್ಟಪಟ್ಟವನು ಸಭೆಯಲ್ಲಿ ನಿಂತು ಪೆದ್ದನಂತೆ ಕಾಣಿಸಿಕೊಳ್ಳುವುದೇಕೆ? ಇದರಲ್ಲಿ ಒಂದು ಮರ್ಮವುಂಟು. ಯಕ್ಷಿಣಿಯೆಂಬುದು ಕೈಚಳಕಕ್ಕಿಂತ ಹೆಚ್ಚಾಗಿ ಗಮನವನ್ನು ನಡೆಯಿಸುವ ವಿದ್ಯೆ. ನೋಡುವವರು ಬಿಗಿಯಾಗಿ ಕಣ್ಣಿಟ್ಟಿರುವವರೆಗೂ ಕೈಗೆ ಅವಕಾಶವಿಲ್ಲ. ನಗೆಯು ಬಂದೊಡನೆ ಆ ಬಿಗಿಯು ಸಡಿಲುವುದು. ಪಕ್ಕದವರ ಮುಖವನ್ನು ನೋಡುವರು, ಹಿಂದಕ್ಕೆ ಒರಗುವರು. ಆಗ ಕೈಯು ತನ್ನ ಕೆಲಸವನ್ನು ಮುಗಿಸಿರುವುದು. ಇದೂ ಅಲ್ಲದೆ, ಜಾಣನೆಂದು ಮೆರೆಯುವವನನ್ನು ಸೋಲಿಸಬೇಕೆಂದು ಪ್ರತಿಯೊಬ್ಬನಿಗೂ ಛಲ ಹುಟ್ಟುವುದು. ಪೆದ್ದನೆಂದು ಕಂಡವನ ಮೇಲೆ ಛಲವೆಲ್ಲಿಯದು? ಆದುದರಿಂದ ಸೋತಂತೆ ಆಡುವುದಕ್ಕೆ ಮೊದಲು ಗೆಲ್ಲುವುದನ್ನು ಪೂರ್ಣವಾಗಿ ಕಲಿತಿರಬೇಕು. ಯಾವ ಕ್ಷಣದಲ್ಲಿ ಎಷ್ಟು ತಪ್ಪಬೇಕೆಂಬುದನ್ನು ಅಳೆದು ತಪ್ಪುವುದು, ತಪ್ಪದೆ ಇರುವುದಕ್ಕಿಂತ ಕಷ್ಟ.

ಮಕ್ಕಳ ಮುಂದೆ ಆಡುವುದು ಇನ್ನೂ ಕಷ್ಟವೆಂದು ಬಲ್ಲವರು ಹೇಳುವರು. ದೊಡ್ಡವರು ಬೆರಳು ತೋರಿದ ಕಡೆಗೆ ನೋಡುವರು. ಮಕ್ಕಳು ತಮಗೆ ಬೇಕಾದ ಕಡೆಗೆ ನೋಡುವರು. ಆದಕಾರಣ ಮಕ್ಕಳಿಗೆಂದೇ ಕೆಲವು ಆಟಗಳು ಏರ್ಪಟ್ಟಿವೆ. ಒಂದು ಪೆಟ್ಟಿಗೆಗೆ ಅಕ್ಕಪಕ್ಕದಲ್ಲಿ ಎರಡು ಬಾಗಿಲು. ದೊಡ್ಡದೊಂದು ದಾಳವನ್ನು ಅದರೊಳಗಿಟ್ಟು, ಪೆಟ್ಟಿಗೆಯನ್ನು ಓರೆ ಮಾಡಿ ಒಂದು ಬಾಗಿಲನ್ನು ತೆರೆದು “ನೋಡಿರಿ, ದಾಳವು ಮಾಯವಾಯಿತು” ಎನ್ನುವನು. ದಾಳವು ಜಾರಿದ ಸದ್ದು ಮಕ್ಕಳಿಗೆ ಕೇಳಿಸಿದೆ. “ಆ ಬಾಗಿಲು! ಆ ಬಾಗಿಲು!” ಎಂದು ಕೂಗುವರು. ಅವನು ಇತ್ತ ಓರೆ ಮಾಡಿ ಅತ್ತಣ ಬಾಗಿಲನ್ನು ತೆರೆಯುವನು. ಕೂಗು ಮುಗಿಲಿಗೇರುವುದು. ಕೊನೆಗೆ ಒಲ್ಲದ ಮನಸ್ಸಿನಿಂದ ಎಂಬಂತೆ ಎರಡನ್ನೂ ತೆರೆದರೆ ಪೆಟ್ಟಿಗೆ ಬರಿದು; ದಾಳವು ಆಚೆಯ ಟೋಪಿಯಲ್ಲಿ! ಮಕ್ಕಳು ತಾವು ಗೆದ್ದೆವೆಂದು ಹಿಗ್ಗಿದಷ್ಟೂ ಕೊನೆಯ ಬೆರಗು ಹೆಚ್ಚು. ಮತ್ತೊಂದು, ಮುರಿಯುವ ಮಂತ್ರದಂಡ. ಯಕ್ಷಿಣಿಗಾರನ ಕೈಯಲ್ಲಿ ನೆಟ್ಟಗಿರುವ ದಂಡವು ಮಗುವಿನ ಕೈಗೆ ಬಂದೊಡನೆ ತುಂಡುತುಂಡಾಗಿ ಜೋಲಾಡುವುದು. ಇಲ್ಲಿಯೇ ಉತ್ತಮನಿಗೂ ಅಧಮನಿಗೂ ಇರುವ ಭೇದವು ತಿಳಿಯುವುದು. ಅಧಮನು ಮಗುವನ್ನು ನಗೆಗೀಡುಮಾಡುವನು. ಉತ್ತಮನು ತಾನೇ ಬೆಪ್ಪಾಗಿ ನಿಂತು ನಗೆಯನ್ನು ತನ್ನ ಮೇಲೆ ಎಳೆದುಕೊಳ್ಳುವನು. ಮಗುವು ವೇದಿಕೆಯಿಂದ ಇಳಿಯುವಾಗ ತಾನೇ ಯಕ್ಷಿಣಿಗಾರನೆಂದು ಎದೆಯುಬ್ಬಿಸಿ ಇಳಿಯುವುದು.

ಈ ಮಾರ್ಗದಲ್ಲಿ ಎಲ್ಲರಿಗಿಂತಲೂ ಹೆಸರು ಗಳಿಸಿದವರು ಇಂಗ್ಲೆಂಡಿನ ಟಾಮಿ ಕೂಪರ್. ಇವರು ೧೯೨೧ನೆಯ ಮಾರ್ಚ್ ೧೯ರಂದು ವೇಲ್ಸ್ ಪ್ರಾಂತದ ಕೆಯರ್‌ಫಿಲಿ ಎಂಬ ಊರಿನಲ್ಲಿ ಹುಟ್ಟಿದರು. ಎಂಟು ವರ್ಷದ ಹುಡುಗನಾಗಿದ್ದಾಗ ಅವರ ಅತ್ತೆಯೊಬ್ಬಾಕೆಯು ಯಕ್ಷಿಣಿಯ ಸಾಮಾನುಗಳ ಪೆಟ್ಟಿಗೆಯೊಂದನ್ನು ಉಡುಗೊರೆಯಾಗಿ ಕೊಟ್ಟಳು. ಶಾಲೆ ಬಿಟ್ಟ ಮೇಲೆ ಹೈತ್ ಎಂಬ ಊರಿನಲ್ಲಿ ದೋಣಿ ಕಟ್ಟುವ ಕೆಲಸಕ್ಕೆ ಅಭ್ಯಾಸಿಯಾಗಿ ಸೇರಿದರು. ಹಗಲೆಲ್ಲ ಮರ, ಉಳಿ, ಕೊಡತಿ. ಬಿಡುವಿನಲ್ಲಿ ಎಲೆ, ಮೊಟ್ಟೆ, ಸೀಸೆ.

ಅಲ್ಲಿಯ ಕೆಲಸಗಾರರ ಊಟದ ಮನೆಯಲ್ಲಿ ಒಮ್ಮೆ ಆಟವಾಡಲು ಹುಡುಗನಿಗೆ ಅವಕಾಶ ದೊರೆಯಿತು. ಅಂದು ಅವನು ಹಿಡಿದ ಆಟಗಳಲ್ಲಿ ಹಾಲಿನ ಸೀಸೆಯದೂ ಒಂದೆಂದು ಪ್ರಸಿದ್ಧಿ. ತುಂಬಿದ ಸೀಸೆಯ ಬಾಯಿಗೆ ಕಾಗದವನ್ನಿಟ್ಟು ತಲೆಕೆಳಗು ಮಾಡಿ ಕೈ ತೆಗೆದರೂ ಹಾಲು ಚೆಲ್ಲುವುದಿಲ್ಲ. ಇದು ಮಾಯೆಯಲ್ಲ, ಕೆಳಗಿನಿಂದ ಗಾಳಿಯ ಒತ್ತಡವು ಕಾಗದವನ್ನು ಮೇಲಕ್ಕೆ ಒತ್ತಿ ಹಿಡಿಯುವುದು. ನಮ್ಮ ಮಕ್ಕಳು ನೀರು ತುಂಬಿದ ಲೋಟದಿಂದ ಇದನ್ನು ಮಾಡಿ ನೋಡಬಹುದು. ಆದರೆ ಕಾಗದವು ಅಂಚಿಗೆ ಸರಿಯಾಗಿ ಕೂಡದೆ ಒಳಗೆ ಗಾಳಿ ನುಗ್ಗಿದರೆ ಎಲ್ಲವೂ ಸುರಿದುಹೋಗುವುದು. ಹುಡುಗನಿಗೆ ಆದುದೂ ಅದೇ. ಗಾಬರಿಯಲ್ಲಿ ಒಂದಾದ ಮೇಲೊಂದು ಆಟ ಕೆಟ್ಟಿತು. ಹಾಲು ಮೈಮೇಲೆ ಸುರಿಯಿತು. ಬಾಯಿಂದ ಮಾತು ಹೊರಡಲಿಲ್ಲ. ಕೆಲಸಗಾರರು ಗಹಗಹಿಸಿ ನಕ್ಕರು. ಅವನು ಅವಮಾನದಿಂದ ಕುಗ್ಗಿ ಹೊರಗೆ ಬಂದನು. ಆಮೇಲೆ ಅವನಿಗೆ ಒಂದು ವಿಚಾರ ಹೊಳೆಯಿತು: ತಾನು ಬೆರಗುಗೊಳಿಸಲು ಹೋಗಿ ಸೋತುದು ನಿಜ, ಆದರೆ ಅಷ್ಟು ಜನರನ್ನು ನಗಿಸಿದುದೂ ನಿಜವಲ್ಲವೇ? ಬೇರೆ ಹುಡುಗನಾಗಿದ್ದರೆ ಪೆಟ್ಟಿಗೆಯನ್ನು ಅಟ್ಟಕ್ಕೆಸೆಯುತ್ತಿದ್ದನು. ಇವನು ಆ ಸೋಲನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡತೊಡಗಿದನು.

೧೯೪೦ರಲ್ಲಿ ಕೂಪರರು ಯುದ್ಧಕ್ಕಾಗಿ ಅಶ್ವದಳವನ್ನು ಸೇರಿ ಈಜಿಪ್ಟಿಗೆ ಹೋದರು. ಅಲ್ಲಿಯೂ ಸಿಪಾಯಿಗಿರಿಯ ನಡುವೆ ಸೈನಿಕರಿಗಾಗಿ ಆಟಗಳು. ಕೈರೋ ನಗರದಲ್ಲಿ ಒಂದು ದಿನ ವೇಷಕ್ಕೆ ಬೇಕಾದ ಟೋಪಿಯು ಇಲ್ಲದೆ ಹೋಗಲು, ಉಪಹಾರ ಬಡಿಸುತ್ತಿದ್ದವನ ತಲೆಯ ಮೇಲಿದ್ದ ಕೆಂಪು ತುರ್ಕಿ ಟೋಪಿಯನ್ನು ಎರವು ತೆಗೆದು ಹಾಕಿಕೊಂಡರಂತೆ. ಆರಡಿ ಮೀರಿದ ಆ ದೇಹದ ತುದಿಯಲ್ಲಿ ಆ ಪುಟ್ಟ ಟೋಪಿಯನ್ನು ಕಂಡೊಡನೆ ಜನ ನಕ್ಕರು. ಅಂದಿನಿಂದ ಅದೇ ಅವರ ಗುರುತಾಯಿತು. ೧೯೪೭ರಲ್ಲಿ, ಸೈಪ್ರಸ್ ದ್ವೀಪದಲ್ಲಿ, ವಿನೋದಗೋಷ್ಠಿಯ ಕಲಾವಿದೆ ಗ್ವೆನ್ ಹೆಂಟಿ ಎಂಬಾಕೆಯನ್ನು ಮದುವೆಯಾದರು. ಅದೇ ವರ್ಷ ಸೈನ್ಯವನ್ನು ಬಿಟ್ಟು, ಎರಡು ನೊಗದಲ್ಲಿ ಒಂದನ್ನು ಕಳಚಿ, ರಂಗಭೂಮಿಯನ್ನೇ ನಂಬಿ ಹೊರಟರು.

ಮುಂದೆ ಟೆಲಿವಿಷನ್ನಿನ ಮೂಲಕ ಅವರ ಹೆಸರು ಇಂಗ್ಲೆಂಡಿನ ಮನೆಮನೆಗೂ ಹೋಯಿತು. ಸೀಸೆಯೂ ಲೋಟವೂ ಸ್ಥಳ ಬದಲಾಯಿಸುವ ಹಳೆಯ ಆಟವನ್ನು ಹಿಡಿದು, ಒಂದು ಸೀಸೆಯಿರಬೇಕಾದಲ್ಲಿ ಮೇಜಿನ ತುಂಬ ಸೀಸೆಗಳನ್ನು ನಿಲ್ಲಿಸಿ ಕಂಗಾಲಾಗುವುದು ಅವರ ಪ್ರಸಿದ್ಧವಾದ ಪ್ರಸಂಗ. ಇವರಿಗೆ ವಿದ್ಯೆ ಬಾರದೆಂದು ಅನೇಕರು ನಂಬಿದ್ದರು. ಆದರೆ ಕಸಬಿನವರು ಹಾಗೆ ತಿಳಿಯಲಿಲ್ಲ. ಮ್ಯಾಜಿಕ್ ಸರ್ಕಲ್ ಸಂಘದಲ್ಲಿ ಅವರು ಗೌರವದ ಸದಸ್ಯರಾಗಿದ್ದರು. ಎಲ್ಲ ಕೆಟ್ಟುಹೋದ ನಡುವೆ ಯಾವುದೋ ಒಂದು ಆಟವನ್ನು ಸರಿಯಾಗಿ ಮುಗಿಸಿ, ತಾವೇ ಎಲ್ಲರಿಗಿಂತ ಹೆಚ್ಚು ಬೆರಗಾದಂತೆ ನಿಲ್ಲುವುದು ಅವರ ಪದ್ಧತಿ.

ಕೀರ್ತಿಯ ಜತೆಯಲ್ಲಿ ಕೇಡೂ ಬಂದಿತು. ರಾತ್ರಿಯ ಆಟ, ಊರೂರು ತಿರುಗಾಟ, ಪ್ರತಿದಿನವೂ ನಗಿಸಲೇಬೇಕೆಂಬ ಭಯ. ಇವುಗಳ ನಡುವೆ ಮದ್ಯವೂ ಚುರುಟೂ ಮಿತಿಮೀರಿದುವು, ಮನೆಯ ನೆಮ್ಮದಿಯು ಕದಡಿತು. ೧೯೭೭ರಲ್ಲಿ ರೋಮ್ ನಗರದಲ್ಲಿ ಹೃದಯಾಘಾತವಾಯಿತು. ಆದರೂ ಆಟ ನಿಲ್ಲಲಿಲ್ಲ.

ಹಗಲಿನ ಕೆಲಸವನ್ನು ಬಿಟ್ಟು ಹೊರಟವರ ದಾರಿಯು ಇದಾದರೆ, ಬೇರೊಂದು ದಾರಿಯಲ್ಲಿ ನಡೆದವರ ಮಾತನ್ನು ಇಲ್ಲಿ ಹೇಳಬೇಕು. ಅವರು ನಮ್ಮ ಊರಿನ ಗಾಳಿಯಲ್ಲಿಯೇ ಮೊದಲ ಉಸಿರು ತೆಗೆದವರು. ಅಲಿ ಬೊಂಗೊ ಎಂಬ ವೇಷದ ಹೆಸರಿನಿಂದ ಪ್ರಸಿದ್ಧರಾದ ವಿಲಿಯಂ ವಾಲೇಸರು ೧೯೨೯ನೆಯ ಡಿಸೆಂಬರ್ ೮ರಂದು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆಯು ಇಲ್ಲಿದ್ದ ಬ್ರಿಟಿಷ್ ಸೈನ್ಯದಲ್ಲಿ ಕೆಲಸದಲ್ಲಿದ್ದನು. ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಹೋದ ವಾಲೇಸರು ದೊಡ್ಡವರಾದ ಮೇಲೆ ಲಂಡನ್ನಿನ ಅಂಗಡಿಯಲ್ಲಿ ಯಕ್ಷಿಣಿಯ ಸಾಮಾನುಗಳನ್ನು ಮಾರುವ ಕೆಲಸ ಮಾಡಿದರು. ವೇದಿಕೆಯ ಮೇಲಾದರೋ ತುದಿ ಸುರುಳಿಯಾದ ಪಾದರಕ್ಷೆ, ಬಣ್ಣಬಣ್ಣದ ಪೂರ್ವದೇಶದ ಉಡುಪು, ಗಾಳಿಯಂತಹ ವೇಗ, ಕಾಲಿಗೆ ತೊಡರುವ ಅವಾಂತರ. ‘ಅರಬೀ ದೇಶದ ಷೇಕ್’ ಎಂಬ ಮಾತನ್ನು ತಿರುಚಿ ‘ಅರಬೀ ದೇಶದ ಷ್ರೀಕ್’, ಎಂದರೆ ಕಿರಿಚಾಟ, ಎಂಬ ಬಿರುದನ್ನು ತಾವೇ ಕಟ್ಟಿಕೊಂಡಿದ್ದರು.

ವಾಲೇಸರು ಕೂಪರರಷ್ಟು ದೊಡ್ಡ ಹೆಸರನ್ನು ಪಡೆಯಲಿಲ್ಲ. ಅವರ ಬುದ್ಧಿಯ ಬಹುಭಾಗವು ಇತರರ ಆಟವನ್ನು ರೂಪಿಸುವುದರಲ್ಲಿ ವೆಚ್ಚವಾಯಿತು. ಡೇವಿಡ್ ನಿಕ್ಸನ್ ಮುಂತಾದ ಹೆಸರಾಂತವರಿಗೆ ಅವರು ಸಲಹೆಗಾರರು; ಟೆಲಿವಿಷನ್ ಕಥೆಗಳಲ್ಲಿ ಯಕ್ಷಿಣಿಯ ಪ್ರಸಂಗ ಬಂದರೆ ಅವರನ್ನು ಕೇಳುವರು. ೧೯೯೭ರಲ್ಲಿ ಆರಂಭವಾದ ‘ಜೊನಾಥನ್ ಕ್ರೀಕ್’ ಎಂಬ ಕಥಾಮಾಲೆಯ ನಾಯಕನು, ಮತ್ತೊಬ್ಬ ಯಕ್ಷಿಣಿಗಾರನಿಗೆ ಆಟಗಳನ್ನು ಹೊಂಚಿಕೊಡುವ ಜಾಣನು. ಆ ಪಾತ್ರಕ್ಕೆ ಸ್ಫೂರ್ತಿ ಇವರೇ. ಹೊರಗಿನ ಲೋಕವು ಇವರನ್ನು ಹೆಚ್ಚಾಗಿ ಗಮನಿಸದಿದ್ದರೂ ಕಸಬಿನವರು ಮರೆಯಲಿಲ್ಲ. ೨೦೦೮ರಲ್ಲಿ ಅವರನ್ನು ಮ್ಯಾಜಿಕ್ ಸರ್ಕಲ್‌ನ ಅಧ್ಯಕ್ಷರನ್ನಾಗಿ ಮಾಡಿದರು. ೨೦೦೯ನೆಯ ಮಾರ್ಚ್ ೮ರಂದು, ೭೯ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಂಗಡಿಯ ಹಲಗೆಯ ಹಿಂದೆ ನಿಂತವನು ಸಂಘದ ಅತ್ಯುನ್ನತ ಪೀಠವನ್ನೇರಿದನೆಂಬುದು, ಹಗಲಿನ ಕೆಲಸವನ್ನು ಕಂಡು ನಾಚುವ ನಮ್ಮ ತರುಣರು ನೆನಪಿಡತಕ್ಕ ಸಂಗತಿ.

ಇನ್ನು ನೋಡುವವರ ವಿಷಯ. ನಾವು ನೋಡುವವರು ಎಷ್ಟು ಕುರುಡರೆಂಬುದಕ್ಕೆ ಎರಡು ಘಟನೆಗಳನ್ನು ಹೇಳಬಹುದು. ಬಂಗಾಳದ ಸುಪ್ರಸಿದ್ಧ ಐಂದ್ರಜಾಲಿಕರಾದ ಪಿ. ಸಿ. ಸರ್ಕಾರರು ೧೯೫೬ನೆಯ ಏಪ್ರಿಲ್ ೯ರಂದು ಬಿ.ಬಿ.ಸಿ.ಯ ಟೆಲಿವಿಷನ್ನಿನಲ್ಲಿ ಒಬ್ಬ ತರುಣಿಯನ್ನು ಗರಗಸದಿಂದ ಕೊಯ್ಯುವ ಆಟವನ್ನು ತೋರಿದರು. ಆಕೆಯನ್ನು ಎಬ್ಬಿಸಿ ತೋರಿಸುವ ಮೊದಲೇ ಕಾರ್ಯಕ್ರಮವು ಹಠಾತ್ತಾಗಿ ಮುಗಿಯಿತು. ಆಕೆ ಸತ್ತೇಹೋದಳೆಂದು ಹೆದರಿ ಜನರು ಟೆಲಿಫೋನಿನ ಮೇಲೆ ಟೆಲಿಫೋನು ಮಾಡಿದರು. ಆಕೆ ಕ್ಷೇಮವಾಗಿದ್ದಳು. ಅಂದು ಜನ ಆಟವನ್ನು ನಿಜವೆಂದು ತಿಳಿದರು.

೧೯೮೪ನೆಯ ಏಪ್ರಿಲ್ ೧೫ರಂದು ಲಂಡನ್ನಿನ ‘ಹರ್ ಮೆಜೆಸ್ಟೀಸ್’ ನಾಟಕಶಾಲೆಯಲ್ಲಿ ಕೂಪರರ ಆಟ. ಅದು ಆ ಕ್ಷಣವೇ ಟೆಲಿವಿಷನ್ನಿನಲ್ಲಿ ದೇಶಕ್ಕೆಲ್ಲ ಕಾಣುತ್ತಿದ್ದಿತು. ದೊಡ್ಡ ನಿಲುವಂಗಿಯೊಂದನ್ನು ತೊಟ್ಟು ಅದರೊಳಗಿಂದ ನಾನಾ ವಸ್ತುಗಳನ್ನು ಹೊರತೆಗೆಯುವುದು ಅಂದಿನ ಪ್ರಸಂಗ. ಪರದೆಯ ಹಿಂದಿನಿಂದ ಅವನ್ನು ಒದಗಿಸಲು ಒಬ್ಬರು ಸಿದ್ಧರಾಗಿ ನಿಂತಿದ್ದರು. ಅಂಗಿಯನ್ನು ತೊಡಿಸಿದಾಕೆಯು ಅತ್ತ ಹೋಗುತ್ತಲೇ ಕೂಪರರು ಮೆಲ್ಲಗೆ ಕುಸಿದು ಪರದೆಗೆ ಒರಗಿದರು. ಸಭೆಯು ನಕ್ಕಿತು. ಅವರು ಉಸಿರಿಗಾಗಿ ಒದ್ದಾಡುತ್ತಿದ್ದರು. ಸಭೆಯು ಇನ್ನೂ ನಗುತ್ತಲೇ ಇದ್ದಿತು. ಇದೂ ಒಂದು ಸೋಲಿನ ಆಟವೆಂದೇ ಅವರು ಬಗೆದಿದ್ದರು. ಪರದೆಯನ್ನು ಮುಚ್ಚಿ, ಅದರ ಹಿಂದೆ ಅವರನ್ನು ಬದುಕಿಸುವ ಪ್ರಯತ್ನ ನಡೆಯುತ್ತಿರಲು, ಮುಂದಿನ ಕಲಾವಿದರು ಪರದೆಯ ಈಚೆ ಉಳಿದ ಇಕ್ಕಟ್ಟಿನ ಸ್ಥಳದಲ್ಲಿ ನಿಂತು ತಮ್ಮ ಪಾಲಿನ ಆಟವನ್ನು ನಡೆಯಿಸಿದರು. ಕೂಪರರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ೬೩. ಅಂದು ಜನ ನಿಜವನ್ನು ಆಟವೆಂದು ತಿಳಿದರು.

ನಕ್ಕವರನ್ನು ನಾವು ದೂಷಿಸುವುದಿಲ್ಲ. ಅವರ ಸ್ಥಳದಲ್ಲಿ ನಾವಿದ್ದರೂ ನಗುತ್ತಿದ್ದೆವು. ಯುದ್ಧಕ್ಕೂ ಮುಂಚೆ, ಊಟದ ಮನೆಯಲ್ಲಿ ಹಾಲು ಸುರಿದುಕೊಂಡ ಹುಡುಗನು ಕಲಿತ ವಿದ್ಯೆಯು ಅಷ್ಟರಮಟ್ಟಿಗೆ ಸಿದ್ಧಿಸಿದ್ದಿತು. ಅವರು ಬಿದ್ದರೆ ಅದು ವಿದ್ಯೆಯೆಂದೇ ನಂಬುಗೆ. ಆದರೆ ಈ ಸಂಗತಿಯಿಂದ ನಾವು ತಿಳಿಯತಕ್ಕದ್ದೊಂದುಂಟು. ನಗಿಸುವವನ ವೇಷವನ್ನು ನೋಡುವ ಕಣ್ಣಿಗೆ ವೇಷದೊಳಗಿನ ಮನುಷ್ಯನು ಸುಲಭವಾಗಿ ಕಾಣುವುದಿಲ್ಲ. ಅವನಿಗೆ ತಲೆನೋವಿದ್ದರೂ, ಮನೆಯಲ್ಲಿ ಮಗುವಿಗೆ ಜ್ವರವಿದ್ದರೂ, ಹಗಲಿನ ಯಜಮಾನನು ಬೈದು ಕಳುಹಿಸಿದ್ದರೂ ನಮಗೆ ತೋರದು. ತೋರದಂತೆ ಮಾಡುವುದೇ ಅವನ ಕಸಬು. ಆದಕಾರಣ ನಾವು ಕಷ್ಟಪಟ್ಟು ನೋಡಬೇಕು.

ಹಾಗೆ ನೋಡುವುದು ಹೇಗೆಂದರೆ, ದೊಡ್ಡ ಕಾರ್ಯವೇನೂ ಬೇಡ. ಅವನನ್ನು ಕರೆಯಿಸುವಾಗ ಸ್ಥಳವೆಂತಹುದು, ಬರುವವರು ಮಕ್ಕಳೋ ಹಿರಿಯರೋ ಎಂಬುದನ್ನು ಮೊದಲೇ ತಿಳಿಸಿರಿ. ಸುತ್ತಲೂ ಜನ ಕುಳಿತರೆ ಕೆಲವು ಆಟಗಳು ಸಾಗುವುದಿಲ್ಲ. ಬೆನ್ನಿಗೆ ಒಂದು ಗೋಡೆಯನ್ನು ಬಿಟ್ಟುಕೊಡಿರಿ. ಸಾಮಾನು ಹೂಡಿಕೊಳ್ಳಲು ಮಕ್ಕಳು ನುಗ್ಗದ ಒಂದು ಕೋಣೆಯನ್ನು ಕೊಡಿರಿ. ಊಟದ ಹೊತ್ತಾಗಿದ್ದರೆ ಅತಿಥಿಗಳ ಪಂಕ್ತಿಯಲ್ಲಿಯೇ ಎಲೆ ಹಾಕಿರಿ. ಗೊತ್ತುಮಾಡಿದ ಹಣವನ್ನು ಅಂದೇ, ಚೌಕಾಸಿಯಿಲ್ಲದೆ, ಕೈಯಲ್ಲಿಡಿರಿ; “ಎಲ್ಲ ಆಟವೂ ತಪ್ಪಿತಲ್ಲಾ, ಅರ್ಧ ಸಾಲದೆ?” ಎಂಬ ವಿನೋದವನ್ನು ಅವನು ಹಿಂದೆಯೂ ಬಹಳ ಸಲ ಕೇಳಿರುವನು. ಗುಟ್ಟನ್ನು ಕೇಳಬೇಡಿರಿ.

ಮನೆಯ ಹುಡುಗನೋ ಹುಡುಗಿಯೋ ಈ ವಿದ್ಯೆಗೆ ಮನಸೋತರೆ ಬೈಯಲೂ ಬೇಡ, ಓದನ್ನು ಬಿಡಿಸಿ ಮೆರೆಸಲೂ ಬೇಡ. ಮೊದಲು ಒಂದು ಆಟವನ್ನು ತಪ್ಪದೆ ಆಡಲು ಕಲಿಯಲಿ. ಬೇಕೆಂದು ತಪ್ಪುವುದನ್ನು ಆಮೇಲೆ ಕಲಿಯಬಹುದು. ನಡುವೆ ಹಾಲು ಚೆಲ್ಲಿದರೆ ನೆಲವನ್ನು ಒರೆಸಬಹುದು.

ಕೂಪರರ ಹುಟ್ಟೂರಿನಲ್ಲಿ ೨೦೦೮ರಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಎಲ್ಲರಿಗೂ ಪ್ರತಿಮೆಯಾಗುವ ಭಾಗ್ಯವಿಲ್ಲ. ನಮ್ಮ ಮನೆಗೆ ಬರುವ ಯಕ್ಷಿಣಿಗಾರನು ನಾಳೆ ಬೆಳಗ್ಗೆ ಕಛೇರಿಗೆ ಹೋಗಬೇಕಾದವನು. ಆಟವು ಮುಗಿದ ಮೇಲೆ “ಕಷ್ಟದ ಕೆಲಸವನ್ನು ಚೆನ್ನಾಗಿ ಮಾಡಿದಿರಿ” ಎಂದು ಒಂದು ಮಾತು ಹೇಳಿ, ಅವನ ಪೆಟ್ಟಿಗೆಗೆ ಒಂದು ಕೈ ಕೊಟ್ಟು ಬೀದಿಯ ಬಾಗಿಲವರೆಗೆ ಕಳುಹಿಸಿಬರುವುದು ಗೃಹಸ್ಥನಿಗೆ ಭೂಷಣ.